ಛತ್ರ

ಮಂಡಿಪೇಟೆಯಲ್ಲಿ ಮೂಟೆ ತೂಗುವ ಕಾಟಾದ ಮೇಲೆ
ನನ್ನನ್ನು ನಿಲ್ಲಿಸಿದರು ಬುಡೇನ್ ಸಾಬರು:
ಬೂಟು, ಹೆಲ್ಮೆಟ್ಟು, ಅದಕ್ಕಂಟಿದ ಕ್ಯಾಮೆರಾ,
ಯಾರದೋ ಹಳೆಯ ಬೆನ್ನಚೀಲ, ಎಲ್ಲ ಸಮೇತ.
ಹಮಾಲರು ಬೀಡಿ ತೆಗೆದು ನಕ್ಕರು:
'ಎಂಬತ್ತೊಂದು ಕಿಲೋ! ಅಕ್ಕಾರೇ, ಯಾವೂರಿಗೆ ಲೋಡು?'
'ಮ್ಯಾಲಿಂದ ಕೆಳಕ್ಕೆ' ಅಂದರು ಸಾಬರು, ನಗದೆ.

ನನ್ನ ಕಣ್ಣು ನೂರೈವತ್ತು ಚದರಡಿಯದರ ಮೇಲಿತ್ತು.
ನವಿಲುಬಣ್ಣ, ಚಿಕ್ಕದು, ಬಲು ಚುರುಕು.
'ನೂರಾ ತೊಂಬತ್ತು. ಮಾಸಿದ್ದಾದ್ರೂ ಸೈ.
ಬಟ್ಟೆಗೆ ಬಾಯಿಟ್ಟು ಊದು, ಉಸಿರು ಆಚೆ ದಾಟಬಾರ್ದು.
ನೆಲ ಬಣ್ಣ ಕೇಳಲ್ಲ ತಾಯಿ, ತೂಕ ಕೇಳ್ತದೆ.'

ಆಗ್ರಾದಲ್ಲಿ ಇಪ್ಪತ್ತೆರಡು ವರ್ಷ
ಸಿಪಾಯಿಗಳ ಪ್ಯಾರಾಚೂಟು ಮಡಿಸಿದ ಕೈ.
ತಾವು ಹಾರಿದ್ದು ಎರಡೇ ಸಲ, ಆ ಮಾತು ಎತ್ತುವುದಿಲ್ಲ.
ಈಗ ಪಿ.ಬಿ. ರಸ್ತೆಯ ಹಿಂದಿನ ಓಣಿಯಲ್ಲಿ
ಶಾಮಿಯಾನ ಹೊಲಿಯುತ್ತಾರೆ.

ಆಷಾಢ. ಮದುವೆಗಳಿಲ್ಲ.
ಕಾವಲಿನ ಓಬಯ್ಯ ಇನ್ನೂರು ರೂಪಾಯಿಗೆ
ಛತ್ರದ ಊಟದಮನೆ ಬಿಟ್ಟುಕೊಟ್ಟ.
ಛತ್ರದೊಳಗೆ ಛತ್ರ ಹಾಸಿದೆವು.
ಕೊಡೆಗೂ ಮದುವೆಮನೆಗೂ ಒಂದೇ ಹೆಸರಿಟ್ಟವರು
ಇದನ್ನು ನೆನೆಸಿರಲಿಕ್ಕಿಲ್ಲ:
ಸಾರಿನ ಕಲೆಯ ಮೇಲೆ ಒಗೆದ ಚಾದರ,
ಚಾದರದ ಮೇಲೆ ಗೋಡೆಯಿಂದ ಗೋಡೆಗೆ ನೈಲಾನು,
ಫ್ಯಾನು ಹಾಕಿದರೆ ಎದ್ದು ಕೂರುತ್ತದೆ.
ಫ್ಯಾನು ಆರಿಸಿ ಬೆವರಿದೆವು.

ಸೊಂಟಕ್ಕೆ ಅಳೆಯುವ ಟೇಪಿನಲ್ಲೇ ಹುರಿಗಳ ಅಳತೆ.
ಜಾರುಬಟ್ಟೆ ಉಜ್ಜಿ ಉಜ್ಜಿ ಕಾದು
ಅಂಚಿನವು ಎರಡು ಬೆರಳು ಕುಗ್ಗಿದ್ದವು.
'ಇವು ಹೊಸಾವು ಬೇಕು. ದುಡ್ಡು ಐತಾ?' ಇತ್ತು, ಅಷ್ಟಕ್ಕೆ.
ಚೀಲದ ಬಾಯಿ ಹಿಡಿಯುವ ದಾರದ ಕುಣಿಕೆ,
ಅಂಗಡಿಯಲ್ಲಿ ಕೊಂಡರೆ ಚಹಾದ ಬೆಲೆಯಿಲ್ಲ:
'ಕೂದ್ಲು ಎದ್ದಿದ್ರೆ ಬಿಸಾಕು. ಜಿಪುಣತನ ಇಲ್ಲಿ ಬ್ಯಾಡ.'
ಮೀಸಲು ಕೊಡೆಯ ಕೆಂಪು ದಾರ, ಸೀಸದ ಮುದ್ರೆ,
ಚೀಟಿಯ ಮೇಲಿನ ತಾರೀಖು, ಇಷ್ಟನ್ನು ಮಾತ್ರ ಓದಿದರು.
ಕೈಯನ್ನು ಜುಬ್ಬಾಕ್ಕೆ ಒರೆಸಿ ಹಿಂದಿಟ್ಟುಕೊಂಡರು:
'ಅದನ್ನ ಲೈಸೆನ್ಸ್ ಇರೋನೇ ಮುಟ್ಟಬೇಕು. ನಾನಲ್ಲ.'

ಕ್ಯಾಮೆರಾ ತಮಗೆ ತಿಳಿಯದು ಅಂದರು.
ಅಂದವರೇ ಹೆಲ್ಮೆಟ್ಟಿಗೆ ಒಂದು ಹುರಿ ಸುತ್ತಿ ಎಳೆದರು;
ಅದು ಸಿಕ್ಕಿಕೊಂಡಲ್ಲೆಲ್ಲ ದರ್ಜಿಯ ಸೀಮೆಸುಣ್ಣದ ಗೀಟು.
ಏಳು ಗೀಟು.
ನಾನು ಮೂರು ರಾತ್ರಿ ಅರ ಹಿಡಿದು ಉಜ್ಜಿದೆ,
ತಿರುಪಿನ ತಲೆಗಳಿಗೆ ಟೇಪು ಬಳಿದೆ,
ಗಲ್ಲದ ಪಟ್ಟಿ ಒಂದೇ ಎಳೆತಕ್ಕೆ ಬಿಚ್ಚುವಂತೆ ಮಾಡಿದೆ.
ಮಂಡಕ್ಕಿ ಭಟ್ಟಿಯ ಮಸಿ ಲೆನ್ಸಿಗೆ ಕೂತಿತ್ತು,
ಮೊದಲು ಗಾಳಿ ಊದಿ, ಆಮೇಲೆ ಬಟ್ಟೆ;
ತಿರುಗಾಮುರುಗಾ ಆದರೆ ಗೀರು.
ನಾಲ್ಕನೆಯ ದಿನ ಹುರಿ ಜಾರಿತು, ಬೆಣ್ಣೆಯ ಮೇಲಿನ ಹಾಗೆ.

ಭಾನುವಾರ ಹತ್ತು ಸಾವಿರ ಅಡಿಯಿಂದ ಹಾರಿದೆ.
ಕೊಡೆ ಬಿಚ್ಚಿತು. ಅದರಲ್ಲಿ ಹೇಳುವಂಥದ್ದೇನಿಲ್ಲ.
ಹೊಲದಲ್ಲಿ ಸುತ್ತಿ ಎತ್ತುವಾಗ ಮಡಿಕೆಯಿಂದ
ಒಂದು ಅಕ್ಷತೆ ಕಾಳು ಉದುರಿತು, ಯಾರ ಮದುವೆಯದೋ.
ಚಾದರ ಸರಿಯಾಗಿ ಕೊಡವಿರಲಿಲ್ಲ ನಾನು.

ಚಿತ್ರ ಬರಲಿಲ್ಲ. ಕಾರ್ಡು ಮೊದಲೇ ತುಂಬಿತ್ತು.
ಛತ್ರದಲ್ಲಿ ಚಾರ್ಜಿಗೆ ಇಟ್ಟಾಗಲೇ ಗುಂಡಿ ಒತ್ತಿಹೋಗಿ
ಮೂರು ತಾಸು ಅದು ನಮ್ಮನ್ನೇ ನೋಡಿದೆ:
ನನ್ನ ಮೊಣಕಾಲು, ಒಂದು ಬೆಕ್ಕು,
ನಾನು ಮಡಿಸಿ, ಒತ್ತಿ, ಪಿನ್ನು ತೂರಿಸಿ,
ಗೆದ್ದವಳ ಹಾಗೆ ಚಹಾಕ್ಕೆ ಎದ್ದುಹೋದದ್ದು.

ಆಮೇಲೆ ಖಾಲಿ ನೆಲ.
ಆಮೇಲೆ ಸಾಬರು, ಒಬ್ಬರೇ, ಬಾಗಿಲು ನೋಡಿಕೊಂಡು.
ಕೂತರು. ಪಿನ್ನು ತೆಗೆದರು.
ನಾನು ಕಟ್ಟಿದ್ದನ್ನೆಲ್ಲ ಬಿಚ್ಚಿದರು.
ತುಟಿ ಆಡುತ್ತಿದೆ, ಎಣಿಸುತ್ತಿದ್ದಾರೆ.
ನಡುವೆ ಕೈ ಒಂದು ಗಳಿಗೆ ನಿಂತಿತು.
ಅಲ್ಲಿ ತಪ್ಪಿತ್ತೋ, ಇಲ್ಲವೋ,
ಅವರ ಬೆನ್ನು ಅಡ್ಡ.
ಎಷ್ಟು ಸಲ ನಿಲ್ಲಿಸಿ ನೋಡಿದರೂ ಬೆನ್ನು ಅಡ್ಡ.

ಕೇಳಿಲ್ಲ ಇನ್ನೂ.
ಶ್ರಾವಣ ಹುಟ್ಟಿತು, ಛತ್ರಕ್ಕೆ ವಾಲಗದವರು ಬಂದರು.
'ಹಾಸಾಕೆ ಬ್ಯಾರೆ ಜಾಗ ಹುಡುಕು' ಅಂದಿದ್ದಾರೆ ಫೋನಿನಲ್ಲಿ,
'ಬಿಸಿಲು ಬೀಳಬಾರ್ದು, ಇಲಿ ಇರಬಾರ್ದು.'
ಹುಡುಕುತ್ತಿದ್ದೇನೆ.