ಕರಡು ತಿದ್ದುವವಳ ಖಾತೆ

ದುರ್ಗಿಗುಡಿಯ ಅಡ್ಡರಸ್ತೆಯೊಂದರ ಪ್ರೆಸ್ಸಿನಲ್ಲಿ
ಇಪ್ಪತ್ತಾರು ವರ್ಷದಿಂದ ಕರಡು ತಿದ್ದುತ್ತೇನೆ.
ಲಗ್ನಪತ್ರಿಕೆ, ವೈಕುಂಠ ಸಮಾರಾಧನೆ, ಸೊಸೈಟಿಯ ವಾರ್ಷಿಕ ವರದಿ.
‘ಶುಭವಿವಾದ’ ಎಂದು ಅಚ್ಚಾಗಲಿದ್ದ ಐನೂರು ಕಾರ್ಡುಗಳನ್ನು
ಮೆಷಿನ್ ನಿಲ್ಲಿಸಿ ಉಳಿಸಿದವಳು ನಾನು.
ದೀರ್ಘ ತಪ್ಪಿದರೆ ನನಗೆ
ಅನ್ನದಲ್ಲಿ ಕಲ್ಲು ಸಿಕ್ಕ ಹಾಗೆ.

ಹೋದ ವರ್ಷ ಬೈಂಡರ್ ಇಮ್ತಿಯಾಜ್ ಹೇಳಿಕೊಟ್ಟ,
ಊಟದ ಹೊತ್ತು, ರಟ್ಟಿನ ಚೂರುಗಳ ನಡುವೆ ಕೂತು:
ಕೈಗೆ ಸಿಗದ ನಾಣ್ಯ, ಕಣ್ಣಿಗೆ ಕಾಣದ ತಿಜೋರಿ.
ತಿಂಗಳಿಗೆ ಐನೂರು ಹಾಕಿದೆ, ಚೀಟಿ ಕಟ್ಟಿದ ಹಾಗೆ.
ಏರಿತು, ಇಳಿಯಿತು, ನನಗೇನೂ ತಿಳಿಯಲಿಲ್ಲ;
ಆ್ಯಪಿನ ಕನ್ನಡದ ತಪ್ಪುಗಳನ್ನು ಮಾತ್ರ ಎಣಿಸುತ್ತಿದ್ದೆ.

ಮೊದಲು ಹೋದದ್ದು ಅವನದೇ.
ಹಣ ತೆಗೆಯಲು ಬಾರದೆ ಸಹಾಯವಾಣಿ ಹುಡುಕಿದ,
ಗೂಗಲ್ ತೋರಿಸಿದ ಮೊದಲ ನಂಬರಿಗೇ ಫೋನ್ ಮಾಡಿದ,
ತೋಡಿಟ್ಟ ಹಳ್ಳಕ್ಕೆ ತಾನೇ ದಾರಿ ಕೇಳಿಕೊಂಡು ಹೋದ.
ಸ್ಕ್ರೀನ್ ತೋರಿಸುವ ಆ್ಯಪ್ ಹಾಕಿಸಿದರಂತೆ.
ಅವನ ಕಣ್ಣೆದುರೇ, ಅವನ ಬೆರಳಿನಡಿಯಲ್ಲೇ
ಎಂಬತ್ತೆರಡು ಸಾವಿರ.
ಎರಡು ದಿನ ಅಂಟು ಕಲಸಲಿಲ್ಲ.
ಮೂರನೆಯ ದಿನ ಠಾಣೆಗೆ ನಾನೂ ಹೋದೆ.
‘ಅವತ್ತೇ ಬರಬಾರದಿತ್ತಾ’ ಎಂದರು ಅವರು.
ಅವನು ಹೇಳಿದ, ದೂರು ನಾನು ಬರೆದೆ.
‘ನನ್ನದೇ ತಪ್ಪು ಅಂತಲೂ ಬರೀರಿ ಅಕ್ಕ’ ಎಂದ.
ಬರೆಯಲಿಲ್ಲ.
ಬೇಡದ ಮಾತು ತೆಗೆಯುವುದು ನನ್ನ ಕೆಲಸ.

ಆಮೇಲೆ ನನಗೊಂದು ಮೇಲ್.
ನಿಮ್ಮ ಖಾತೆ ಅಪಾಯದಲ್ಲಿದೆ, ಅರ್ಧ ಗಂಟೆಯೊಳಗೆ ಇಲ್ಲಿ ಒತ್ತಿ.
ಅರ್ಧ ಗಂಟೆ!
ಅವಸರದ ಕೆಲಸ ತಂದವರನ್ನು ನಾನು ನಂಬುವುದಿಲ್ಲ,
ತಪ್ಪುಗಳೆಲ್ಲ ನುಸುಳುವುದು ‘ಅರ್ಜೆಂಟು’ ಎನ್ನುವ ಬಾಗಿಲಿನಿಂದ.
ವಿಳಾಸವನ್ನು ಬಲದಿಂದ ಎಡಕ್ಕೆ ಓದಿದೆ, ಕಸುಬಿನ ಚಾಳಿ.
ಎಮ್ ಇರಬೇಕಾದಲ್ಲಿ ಆರ್, ಎನ್ ಅಂಟಿಕೊಂಡು ನಿಂತಿದ್ದವು,
ಕರೆಯದೆ ಮದುವೆಗೆ ಬಂದ ಇಬ್ಬರು
ಒಂದೇ ಶಾಲು ಹೊದ್ದು
ಒಬ್ಬ ನೆಂಟನಾದ ಹಾಗೆ.
ಅಳಿಸಿದೆ.

ಆದರೆ ದನಿಗೆ ಕಾಗುಣಿತವಿಲ್ಲ.
ಮಾರನೇ ಸಂಜೆ ಒಬ್ಬ ಫೋನ್ ಮಾಡಿದ:
‘ಹೆದರ್ಬೇಡಿ ಅಕ್ಕ, ಎಂತ ಆಗಲ್ಲ, ನಾನೂ ಸಾಗರದ ಕಡೆಯವ.’
ಎಷ್ಟು ಚಂದದ ಮಾತು, ತಿದ್ದಲು ಜಾಗವೇ ಇಲ್ಲ.
ಯಾರೋ ನಿಮ್ಮ ಹಣ ತೆಗೀತಿದ್ದಾರೆ, ತಡೀಬೇಕು,
ಈಗ ಬಂದ ಆರು ಅಂಕಿ ಓದಿ.
ಬಾಯಿ ತೆರೆದೆ. ಸುಳ್ಳೇಕೆ,
‘ನಾಲ್ಕು’ ಎಂದೂ ಬಿಟ್ಟೆ.
ಅಂಕಿಯ ಕೆಳಗೆ ಸಣ್ಣ ಅಕ್ಷರದ ಸಾಲೊಂದಿತ್ತು,
ಯಾರೂ ಓದದ ಸಾಲು,
ನನಗೆ ಸಂಬಳ ಬರುವುದೇ ಅಂಥದ್ದಕ್ಕೆ.
‘ಯಾರಿಗೂ ಹೇಳಬೇಡಿ. ನಾವೂ ಕೇಳುವುದಿಲ್ಲ.’
‘ತಮ್ಮಾ, ಇಲ್ಲಿ ನಾವೂ ಅಂದರೆ ಯಾರು?’ ಎಂದೆ.
ಆ ಕಡೆ ಫ್ಯಾನು ತಿರುಗುವ ಸದ್ದು,
ಅದರ ಹಿಂದೆ ಹತ್ತು ದನಿ, ಯಾವ್ಯಾವುದೋ ಭಾಷೆ.
ಇಟ್ಟುಬಿಟ್ಟ.
ಆ ‘ನಾಲ್ಕು’ ಮಾತ್ರ ರಾತ್ರಿಯೆಲ್ಲ
ಬಾಯಲ್ಲೇ ಇತ್ತು, ಕಹಿಯಾಗಿ.

ಈಗ ಪಾಸ್‌ವರ್ಡ್ ಬದಲಿಸಿದ್ದೇನೆ.
ಅರ್ಧ ನಿಮಿಷಕ್ಕೊಮ್ಮೆ ಮಗ್ಗುಲು ಬದಲಿಸುವ ಅಂಕಿಗಳನ್ನು
ಕಾವಲಿಗೆ ಇಟ್ಟಿದ್ದೇನೆ.
ಮತ್ತೆ, ಎಕ್ಸ್‌ಚೇಂಜಿನವರ ಪ್ರತಿ ಮೇಲಿನ ನೆತ್ತಿಯಲ್ಲಿ
ನಾನೇ ಆಯ್ದುಕೊಟ್ಟ ಒಂದು ಪದ ಇರುತ್ತದೆ;
ಅದಿಲ್ಲದ್ದು ಅವರದಲ್ಲ.
ಇಮ್ತಿಯಾಜನಿಗೂ ಮಾಡಿಸಿದೆ.
ಅವನ ಖಾತೆಯಲ್ಲಿ ಉಳಿದದ್ದು ನೂರಾ ಹದಿನಾಲ್ಕು ರೂಪಾಯಿ.
‘ಇದಕ್ಕೂ ಬೀಗವಾ?’
‘ಹೂಂ’ ಎಂದೆ.
ಅವನು ಪದ ಒತ್ತುವಾಗ ಕಿಟಕಿಯ ಕಡೆ ತಿರುಗಿದೆ.
ನನ್ನ ಸರದಿಗೆ ಅವನೂ ತಿರುಗಿದ್ದ.

ನನ್ನ ಪದವೇ?
ನಮ್ಮಮ್ಮನ ಬಾಯಲ್ಲಿ ಮಾತ್ರ ಇದ್ದದ್ದು, ನಿಘಂಟಿನಲ್ಲಿಲ್ಲ.
ಕರಡಿನಲ್ಲಿ ಬಂದಿದ್ದರೆ ನಾನೇ
ತಪ್ಪೆಂದು ಕೆಂಪು ಸುತ್ತು ಹಾಕುತ್ತಿದ್ದೆ.
ಅದರಲ್ಲೊಂದು ಒತ್ತಕ್ಷರ—

ಬೇಡ.
ಆಗಲೇ ಒಂದಕ್ಷರ ಹೆಚ್ಚಾಯಿತು.