ಎಂಟು ಪೆಟ್ಟಿನ ಜಾಗ

ಅಮ್ಮತ್ತಿಯ ಹಳೇ ಪಲ್ಪರ್ ಶೆಡ್ಡು,
ಹುಳಿ ಬಂದ ಕಾಫಿ ಸಿಪ್ಪೆಯ ವಾಸನೆ.
ಬೆಳ್ಳಿಯಪ್ಪ ಗಿಟಾರಿನ ಕಿವಿ ಹಿಂಡುತ್ತಾನೆ,
ನಾನು ದುಡಿಯ ಚರ್ಮ ಕೆಂಡಕ್ಕೆ ಕಾಯಿಸುತ್ತೇನೆ.

ಹಾಡು ಸ್ಕಾಟ್ಲೆಂಡಿನವನೊಬ್ಬನದು.
ದೊರೆಗೆ ತಲೆಬಾಗದೆ ಗುಡ್ಡ ಹತ್ತಿದವ,
ದನಗಳ್ಳ ಅಂತಲೂ ಅಂದರಂತೆ.
ಜರಿಗಿಡದಲ್ಲಿ ಮಲಗಿ, ಹೊಳೆ ಈಜಿ,
ಕೊನೆಗೆ ಭಾವನೇ ಹಿಡಿದುಕೊಟ್ಟು
ನಾಲ್ಕನೇ ನಿಮಿಷಕ್ಕೆ ನೇಣು.
ಡ್ರಮ್ಮು ಧಡಕ್ಕೆಂದು ನಿಲ್ಲುತ್ತದೆ.

'ಚೆನ್ನಾಗಿದೆ' ಎಂದೆ. 'ಇವನ ತಾಯಿ ಯಾರು?'

ಹುಡುಗರು ಮುಖ ಮುಖ ನೋಡಿಕೊಂಡರು.
ನಮ್ಮಲ್ಲಿ ನಾಲ್ವರು ಕೂತು ಒಂದು ಬಾಳು ಹಾಡಿದರೆ
ಹೆತ್ತವಳು ಮೊದಲು, ಮನೆ ಹೆಸರು ಆಮೇಲೆ,
ಯಾವ ಹಸುವಿನ ಹಾಲು ಕುಡಿದ ಅನ್ನುವುದೂ ಬರುತ್ತದೆ;
ಸಾಯಲು ಅವನಿಗೆ
ಬೆಳಗಿನ ಜಾವದವರೆಗೆ ಪುರುಸೊತ್ತು.

ಚೋಂದವ್ವ ಫೋನಿನಲ್ಲಿ ಹುಡುಕಿದಳು.
ಯುದ್ಧದ ತಾರೀಕಿದೆ, ಕತ್ತಿಯ ಉದ್ದವಿದೆ,
ತಾಯಿ ಇಲ್ಲ.

'ಸುಮ್ಮನೆ ಒಂದು ಹೆಸರಿಡೋಣವಾ ಮಾವ?'
ಬೇಡ. ಸುಳ್ಳು ತಾಯಿ ಯಾರಿಗೂ ಬೇಡ.

ಈಗ ಮೊದಲ ಸಾಲಿಗೂ ಮುಂಚೆ
ಗಿಟಾರು ಕೈಕಟ್ಟಿ ನಿಲ್ಲುತ್ತದೆ.
ದುಡಿ ಮಾತ್ರ, ಎಂಟು ಪೆಟ್ಟು,
ಯಾರೋ ಒಬ್ಬಳು ಕತ್ತಲ ಕೋಣೆಯಲ್ಲಿ
ತೊಟ್ಟಿಲು ತಳ್ಳುವಷ್ಟು ಹೊತ್ತು.