ಹೇಗಿತ್ತೋ ಹಾಗೆ

ಹಾಜರಿ ಪುಸ್ತಕ ಬರೆಯುವವಳು ನಾನು.
ಚಳ್ಳಕೆರೆ ದಾರಿಯ ಹಳೇ ಟೇಸನ್ನು,
ಮೀಟರ್‌ಗೇಜು ಕಿತ್ತ ವರ್ಷ ಬಾಗಿಲು ಹಾಕಿದ್ದು,
ಈಗ ಊರ ಲೈಬ್ರರಿಯಾಗಬೇಕು.
ಆದೇಶದಲ್ಲಿ ಒಂದೇ ಸಾಲಿಗೆ ಕೆಂಪು ಗೆರೆ:
ಹೇಗಿತ್ತೋ ಹಾಗೆ.

ಸಿಮೆಂಟು ಮುಟ್ಟುವಂತಿಲ್ಲ. ಬುಡೇನ್ ಸಾಬರು
ಅಳಲೆಕಾಯಿ ನೆನೆಹಾಕಿದರು, ಬೆಲ್ಲ ಕದಡಿದರು,
ಸುಣ್ಣ ಹದಿನೈದು ದಿನ ಗುಂಡಿಯಲ್ಲಿ ಮಲಗಿ
ಬೆಣ್ಣೆಯಾಯಿತು. ಬೆಲ್ಲದ ಬಾಬ್ತು ಬರೆದಾಗ
ಆಫೀಸಿನವರು ನಕ್ಕರು: ಗೋಡೆಗೋ, ಹೋಳಿಗೆಗೋ?

ಟಿಕೆಟ್ ಕಿಂಡಿ ಹಾಗೇ ಇರಲಿ ಎಂದರು ಇಂಜಿನಿಯರ್ ಮೇಡಂ,
ಪುಸ್ತಕ ಕೊಡಲು ಸರಿಹೋಗುತ್ತೆ.
ಶೇಂಗಾ ಮೂಟೆ ತೂಗಿದ ಕಬ್ಬಿಣದ ತಕ್ಕಡಿ
ಮೂಲೆಯಲ್ಲಿರಲಿ, ಹುಡುಗರು ಹತ್ತಿ ತೂಗಿಕೊಳ್ಳಲಿ.
ಎಲ್ಲ ಸಲೀಸು,

ಮೂರನೇ ದರ್ಜೆ ಹಜಾರದ ಗೋಡೆ ಕೆರೆಯುವವರೆಗೆ.
ಹಳದಿಯ ಕೆಳಗೆ ನೀಲಿ, ನೀಲಿಯ ಕೆಳಗೆ ಕಾವಿ,
ಕಾವಿಯ ಕೆಳಗೆ ಎರಡು ಗೂಡು, ಇಟ್ಟಿಗೆ ತುಂಬಿ ಮುಚ್ಚಿದ್ದು.
ಒಂದರ ನೆತ್ತಿಗೆ: ಹಿಂದೂ ನೀರು.
ಇನ್ನೊಂದಕ್ಕೆ: ಮುಸಲ್ಮಾನ್ ನೀರು.
ಅಕ್ಷರ ದುಂಡಗೆ, ಬಲು ಚಂದ. ಬರೆದವನ ಕೈ
ಒಮ್ಮೆಯೂ ನಡುಗಿಲ್ಲ.

ಗಾರೆ ಹೊರುವ ಮಾರಕ್ಕ ಓದಿಸಿಕೊಂಡಳು.
ಬಾಂಡ್ಲಿ ಇಳಿಸಿ ಗೋಡೆಯುದ್ದ ನಡೆದಳು, ಬೆರಳಲ್ಲಿ ತಟ್ಟುತ್ತ,
ಮೂರನೆಯದು ಎಲ್ಲಾದರೂ ಟೊಳ್ಳು ಸದ್ದು ಮಾಡೀತೆಂದು.
ಗಟ್ಟಿ ಗೋಡೆ.
"ನಮ್ಮಜ್ಜಿ ಎಂಜಿನ್ನು ಕುಡಿಯೋ ಕೊಳವೆ ಕೆಳಗೆ
ಬೊಗಸೆ ಹಿಡೀತಿದ್ದಳಂತೆ ಕಣಮ್ಮ,
ಎಂಜಿನ್ನಿನ ಎಂಜಲು" ಎಂದು ನಕ್ಕು
ಬಾಂಡ್ಲಿ ಮತ್ತೆ ತಲೆಗಿಟ್ಟಳು.

ಮೇಡಂ ಮೂರು ದಿನ ಫೋನಿನಲ್ಲಿದ್ದರು.
ಹೇಗಿತ್ತೋ ಹಾಗೆ ಅಂದರೆ ಹೇಗೆ?
ಅಳಿಸಿದರೆ ಸುಳ್ಳು. ತಿದ್ದಿ ಬಣ್ಣ ತುಂಬಲು ಯಾರ ಕೈ?
ಆ ಮೂರೂ ದಿನ ಹಾಜರಿಯಲ್ಲಿ
ಕೆಲಸ ನಿಂತಿದೆ ಎಂದು ಬರೆಯದೆ
ಎಲ್ಲರಿಗೂ ಕೂಲಿ ಹಾಕಿದೆ. ಅದೊಂದು ನನ್ನ ತಪ್ಪು, ಇರಲಿ.

ನಾಲ್ಕನೆಯ ದಿನ ಬುಡೇನ್ ಸಾಬರು ಯಾರನ್ನೂ ಕೇಳಲಿಲ್ಲ.
ತಿಳಿಸುಣ್ಣ, ಒಂದೇ ಒಂದು ಕೈ,
ಕತ್ತಾಳೆ ನಾರಿನ ಕುಂಚದಲ್ಲಿ ಎಳೆದುಬಿಟ್ಟರು.
"ಮುಚ್ಚಿದಿರಾ?" ಎಂದೆ.
"ಸುಣ್ಣ ಒಣಗಿದಾಗ ಗೋಡೆ, ನೆಂದಾಗ ಗಾಜು.
ನೋಡ್ತಾ ಇರು ತಾಯಿ."

ಇಟ್ಟಿಗೆ ತೆಗೆದ ಗೂಡುಗಳಲ್ಲಿ ಈಗ ನಿಘಂಟುಗಳಿವೆ.
ಪಕ್ಕದಲ್ಲೇ ನಲ್ಲಿ.
ನಿನ್ನೆ ಒಂದು ಹುಡುಗಿ ಕೈ ತೊಳೆದು,
ಒದ್ದೆ ಕೈ ಗೋಡೆಗೆ ಒರೆಸಿ,
ಅಲ್ಲೇ ತುದಿಗಾಲಲ್ಲಿ ನಿಂತು ಕೂಡಿಸಿ ಓದುತ್ತಿದ್ದಳು:
ನೀ... ರು.
ಅದರ ಹಿಂದಿನ ಅಕ್ಷರಕ್ಕೆ ಅಂಗೈ ಪಸೆ ಸಾಲದೆ
ಮತ್ತೆ ನಲ್ಲಿಯ ಕಡೆ ಓಡಿದಳು.